ದೊಡ್ಡಪ್ಪನ ಡಾಲ್ಫಿನ್ ಕಾರು ರೇಸ್ ಟ್ರ್ಯಾಕಿಗೆ ಇಳಿಸಬೇಕು, ಆರು ಲಕ್ಷ ಸಾಕಾಗ್ತದಾ?

ಎರಡನೇ ಗೇರ್
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಬರೀ ಓದಿಕೊಂಡು ಇದ್ದವ, ಬರೆಯುವುದು ಇದೇ ಮೊದಲು.

ಕಾರ್ಕಳದ ಮೂಲಮನೆಯಲ್ಲಿ ಹಟ್ಟಿಗೆ ತಾಗಿದ ಶೆಡ್ಡಿನಲ್ಲಿ 1984ರ ಸಿಪಾನಿ ಡಾಲ್ಫಿನ್ ಕಾರು ಒಂದುಂಟು. ದೊಡ್ಡಪ್ಪ ಬೆಂಗಳೂರಿನಿಂದ ಹೊಸತಾಗಿ ತಂದದ್ದು. ಈಗ ಹದಿನೆಂಟು ವರ್ಷದಿಂದ ಸ್ಟಾರ್ಟ್ ಆಗಿಲ್ಲ. ಮೇಲೆ ಅಡಿಕೆ ಗೋಣಿ, ಒಳಗೆ ಕೋಳಿ. ದೊಡ್ಡಪ್ಪ ಹೋಗಿ ಎರಡು ವರ್ಷ ಆಯ್ತು. ಮೊನ್ನೆ ದೊಡ್ಡಮ್ಮ ಹೇಳಿದ್ರು, "ನಿನಗೆ ಬೇಕಾದ್ರೆ ಮಳೆಗೆ ಮೊದಲು ತಗೊಂಡು ಹೋಗು ಮಗಾ, ಇಲ್ಲದಿದ್ರೆ ಗುಜರಿಯವನಿಗೆ ಕೊಡ್ತೇನೆ. ನನಗೆ ಸೌದೆ ಇಡ್ಲಿಕ್ಕೆ ಜಾಗ ಬೇಕು."

ಗುಜರಿಗೆ ಕೊಡ್ಲಿಕ್ಕೆ ಮನಸ್ಸು ಬರುವುದಿಲ್ಲ. ಚಂದ ಮಾಡಿ ಶೋ ಪೀಸ್ ಇಡುವ ಆಸೆಯೂ ಇಲ್ಲ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಓಡಿಸಬೇಕು, ಸಾಧ್ಯ ಆದ್ರೆ ಮುಂದೆ ಚೆನ್ನೈ ಟ್ರ್ಯಾಕಲ್ಲಿ. ಗೆಲ್ಲುವ ಹುಚ್ಚು ಇಲ್ಲ, ಮೊದಲಿಗೆ ಟ್ರ್ಯಾಕ್ ಡೇ (ಸ್ಪರ್ಧೆ ಇಲ್ಲದೆ, ಫೀ ಕೊಟ್ಟು ಟ್ರ್ಯಾಕಲ್ಲಿ ಓಡಿಸುವ ದಿನ) ಸಾಕು. ನನ್ನ ಲೆಕ್ಕ ಹೀಗುಂಟು:

ಇಂಜಿನ್ ಪೂರ್ತಿ ಬಿಚ್ಚಿ ಮಾಡಿಸ್ಲಿಕ್ಕೆ 1,20,000
ಫೈಬರ್ ಬಾಡಿ ರಿಪೇರಿ 80,000
ಬ್ರೇಕ್, ಸಸ್ಪೆನ್ಷನ್ 60,000
ರೋಲ್ ಕೇಜ್ (ಗಾಡಿ ಮಗುಚಿದ್ರೆ ಕಾಯುವ ಪೈಪಿನ ಗೂಡು) 70,000
ಗಾಲಿ, ಟಯರ್ 40,000
ಸೀಟು, ಬೆಲ್ಟ್ 50,000
ಪೇಂಟ್, ಸ್ಟಿಕರ್ 50,000
ಚಿಲ್ಲರೆ 30,000

ಒಟ್ಟು 5 ಲಕ್ಷ. ಉಳಿದ 1 ಲಕ್ಷ ಕೈಯಲ್ಲಿರಲಿ ಅಂತ. ನಾನು ಮಂಗಳೂರಲ್ಲಿ ಕೆಲಸದಲ್ಲಿರುವವ, ವಾರದ ಕೊನೆಗೆ ಮಾತ್ರ ಪುರುಸೊತ್ತು. ಎಲ್ಲಿ ತಪ್ಪಿದ್ದೇನೆ ಹೇಳಿ.

ಕುಂದಾಪ್ರ ಎಕ್ಸ್‌ಪ್ರೆಸ್
ಹೋಯ್, ಕೋಳಿ ಎಷ್ಟಕ್ಕೆ ಕೊಡ್ತ್ರಿ ಕಾಣಿ, ಆ ದುಡ್ಡಲ್ಲಿ ಟಯರ್ ಆತ್ತ್.

ಬೆಂದಕಾಳು
ಗುರು, ಬೇಜಾರು ಮಾಡ್ಕೋಬೇಡಿ. ಡಾಲ್ಫಿನ್ ಸ್ಪೋರ್ಟ್ಸ್ ಕಾರೇ ಅಲ್ಲ. 848 ಸಿಸಿ, 40 ಹಾರ್ಸ್‌ಪವರ್. ಒಂದು ಹಳೇ ಮಾರುತಿ ಎಸ್ಟೀಮ್ ತಗೊಳ್ಳಿ. 1999ರ ನಂತರದ್ದಾದ್ರೆ 16 ವಾಲ್ವ್, 85 ಹಾರ್ಸ್‌ಪವರ್, ಸ್ಪೇರ್ ಯಾವ ಊರಲ್ಲಾದ್ರೂ ಸಿಗುತ್ತೆ. ಆರು ಲಕ್ಷದಲ್ಲಿ ಎರಡು ಸೀಸನ್ ಓಡಿಸಬಹುದು.

ಶೋಲಾವರಂ 84
ಬೆಂದಕಾಳು ಅವರೇ, ಸ್ವಲ್ಪ ನಿಲ್ಲಿ. ಆ ಕಾಲದಲ್ಲಿ ನಮ್ಮ ದೇಶದಲ್ಲಿ ಸ್ಪೋರ್ಟ್ಸ್ ಕಾರು ಅಂತ ಯಾವುದಿತ್ತು ಹೇಳಿ. ಮದ್ರಾಸಿನ ಹತ್ತಿರ ಶೋಲಾವರಂನಲ್ಲಿ ಯುದ್ಧಕಾಲದ ಏರ್‌ಸ್ಟ್ರಿಪ್ ಮೇಲೆ ರೇಸ್ ಆಗುತ್ತಿದ್ದಾಗ ನಾವು ಮಂಗಳೂರಿನಿಂದ ರೈಲಲ್ಲಿ ಹೋಗಿ ನೋಡಿದವರು. ವಿಜಯ್ ಮಲ್ಯ ಫಾರ್ಮುಲಾ ಒನ್‌ನ ಹಳೆಯ ಎನ್ಸೈನ್ ಗಾಡಿ ತಂದು ಓಡಿಸಿದ್ದು ಅಲ್ಲೇ. ಅದು ದೊಡ್ಡವರ ಆಟ. ನಮ್ಮಂಥವರ ಕಣ್ಣಿಗೆ ಬೀಳುತ್ತಿದ್ದದ್ದು ಫಿಯೆಟ್, ಹೆರಾಲ್ಡ್, ಆಮೇಲೆ ಈ ಡಾಲ್ಫಿನ್. ಫಿಯೆಟ್ ಒಂಬೈನೂರು ಕೆಜಿ ಹತ್ತಿರ, ಡಾಲ್ಫಿನ್ ಐನೂರು ಚಿಲ್ಲರೆ. ಇಂಜಿನ್ ಶಕ್ತಿ ಎರಡರದ್ದೂ ಹೆಚ್ಚುಕಡಿಮೆ ಒಂದೇ. ಹಿಂದಿನ ಗಾಲಿ ಎಳೆಯುವ ಹಗುರ ಗಾಡಿ, ತಿರುವಿನಲ್ಲಿ ಬಾಲ ಅಲ್ಲಾಡಿಸಿಕೊಂಡು ಹೋಗುವುದು ನೋಡಿದರೆ ನೀವು ಈ ಮಾತು ಆಡುತ್ತಿರಲಿಲ್ಲ.

ರಿಲಯಂಟ್ ಕಿಟನ್ ಅಂತ ಇಂಗ್ಲೆಂಡಿನ ಗಾಡಿ. ಅಲ್ಲಿ ನಿಲ್ಲಿಸಿದ ಮೇಲೆ ಅದನ್ನೇ ಬೆಂಗಳೂರಿನಲ್ಲಿ ಡಾಲ್ಫಿನ್ ಮಾಡಿದರು. ಮಾರುತಿ 800 ಬಂದದ್ದೇ ತಡ, ಪಾಪ, ಇದನ್ನು ಕೇಳುವವರೇ ಇಲ್ಲದ ಹಾಗಾಯ್ತು.

ಬಂದರ್ ಗುಜರಿ
ಶೆಡ್ಡಿನಲ್ಲಿ ಪ್ರೀಮಿಯರ್ ಪದ್ಮಿನಿ ಕಾರು ಇದ್ದಿದ್ರೆ ನಾನೇ ಬಂದು ಸಹಾಯ ಮಾಡ್ತಿದ್ದೆ ಮಾರಾಯ್ರೆ. ನಮ್ಮಲ್ಲಿ ಪದ್ಮಿನಿಯ ಗೇರ್ ಬಾಕ್ಸ್, ಆಕ್ಸಲ್, ಬಾಗಿಲು, ಎಂತ ಬೇಕಾದ್ರೂ ಸಿಗ್ತದೆ. ಪ್ರೀಮಿಯರ್ 118 ಎನ್‌ಇ ಕಾರಿನ ನಿಸಾನ್ ಇಂಜಿನ್ ಕೂಡ ಆಗೊಮ್ಮೆ ಈಗೊಮ್ಮೆ ಬರ್ತದೆ, 1171 ಸಿಸಿ, ಪದ್ಮಿನಿಗೆ ಕೂರಿಸಿದವರು ಬೇಕಾದಷ್ಟು ಜನ ಇದ್ದಾರೆ. ಡಾಲ್ಫಿನಿದ್ದು ಇಪ್ಪತ್ತು ವರ್ಷದಲ್ಲಿ ಒಂದು ಡೈನಮೋ ನೋಡಿದ್ದೇನೆ, ಅದೂ ಡಾಲ್ಫಿನಿದ್ದೇ ಅಂತ ಗ್ಯಾರಂಟಿ ಇಲ್ಲ.

ಶಿರಾಡಿ ತಿರುವು
ನಿಮ್ಮ ಪಟ್ಟಿ ನೋಡಿದೆ. ಕಾರಿಗೆ ಬೇಕಾದ್ದೆಲ್ಲ ಉಂಟು, ಕಾರಿನ ಒಳಗೆ ಕೂತುಕೊಳ್ಳುವವನಿಗೆ ಬೇಕಾದ್ದು ಒಂದೂ ಇಲ್ಲ! ಹೆಲ್ಮೆಟ್ ಎಲ್ಲಿ? ಬೆಂಕಿ ತಡೆಯುವ ಸೂಟ್ ಎಲ್ಲಿ? ಗ್ಲೌಸ್, ಶೂಸ್, ಕುತ್ತಿಗೆ ಕಾಯುವ ಹ್ಯಾನ್ಸ್?

ನಾನು ಕೆಲವು ವರ್ಷ ಆಟೋಕ್ರಾಸ್, ರ‍್ಯಾಲಿ ಅಂತ ತಿರುಗಿದವ. ಮೊದಲ ಗಾಡಿಗೆ ಎಲ್ಲ ದುಡ್ಡೂ ಇಂಜಿನ್‌ಗೆ ಸುರಿದು, ಕೊನೆಗೆ ಗೆಳೆಯನ ಬೈಕ್ ಹೆಲ್ಮೆಟ್ ಹಾಕ್ಕೊಂಡು ಹೋದೆ. ತಪಾಸಣೆಯಲ್ಲಿ ಹೊರಗೆ ಹಾಕಿದ್ರು. ಸರಿಯಾಗೇ ಮಾಡಿದ್ರು. ಬೈಕ್ ಹೆಲ್ಮೆಟ್ ಬೇರೆ, ಕಾರ್ ರೇಸಿಂಗ್ ಹೆಲ್ಮೆಟ್ ಬೇರೆ, ಅದಕ್ಕೆ ಬೆಂಕಿಯ ಪರೀಕ್ಷೆಯೂ ಆಗಿರ್ತದೆ. ಸ್ನೆಲ್ ಎಸ್‌ಎ ಗುರುತಿನದ್ದು ಅಥವಾ ಅಂತರರಾಷ್ಟ್ರೀಯ ಮೋಟಾರ್ ಸಂಸ್ಥೆ ಎಫ್‌ಐಎಯ 8859 ಗುರುತಿನದ್ದು ತಗೊಳ್ಳಿ. ಎಲ್ಲ ಸೇರಿ ಒಂದೂಕಾಲು, ಒಂದೂವರೆ ಲಕ್ಷ ಬರಿ ನಿಮ್ಮ ಮೈಮೇಲೆ. ಸೆಕೆಂಡ್ ಹ್ಯಾಂಡ್ ಹೆಲ್ಮೆಟ್ ಮಾತ್ರ ಬೇಡ. ಒಮ್ಮೆ ಬಿದ್ದದ್ದೋ ಇಲ್ಲವೋ ಹೊರಗಿಂದ ಗೊತ್ತಾಗುವುದಿಲ್ಲ.

ಆಮೇಲೆ ಸಾಗಾಟ. ಮಂಗಳೂರಿನಿಂದ ಕೊಯಮತ್ತೂರಿಗೆ ಕೋಯಿಕ್ಕೋಡ್, ಪಾಲಕ್ಕಾಡ್ ಮೇಲೆ ನಾನೂರು ಕಿಲೋಮೀಟರ್ ಹತ್ತಿರ. ಚೆನ್ನೈ ಏಳುನೂರು. ರೋಲ್ ಕೇಜ್ ಹಾಕಿದ ಗಾಡಿ ರಸ್ತೆಯಲ್ಲಿ ಓಡಿಸ್ಲಿಕ್ಕೆ ಆಗುವುದಿಲ್ಲ, ಫ್ಲ್ಯಾಟ್‌ಬೆಡ್ ಲಾರಿಯೇ ಬೇಕು. ಹೋಗಿ ಬರ್ಲಿಕ್ಕೆ ನಲವತ್ತು ಸಾವಿರ ಇಟ್ಟುಕೊಳ್ಳಿ. ಟ್ರ್ಯಾಕ್ ಫೀ, ರೂಮು, ಮೆಕ್ಯಾನಿಕ್‌ನ ಬಾಟ ಸೇರಿದ್ರೆ ಒಂದು ಸಲಕ್ಕೆ ಎಪ್ಪತ್ತು ಸಾವಿರ. ನಿಮ್ಮ ಕೈಯಲ್ಲಿರುವ ಒಂದು ಲಕ್ಷದಲ್ಲಿ ಹೆಚ್ಚಿನ ಪಾಲು ಒಂದು ಭಾನುವಾರಕ್ಕೇ ಹೋಯ್ತು.

ಎರಡನೇ ಗೇರ್
ಅಯ್ಯೋ ದೇವರೇ. ಹೆಲ್ಮೆಟ್ ಮೂರು ಸಾವಿರಕ್ಕೆ ಬರ್ತದೆ ಅಂತ ಚಿಲ್ಲರೆಯಲ್ಲಿ ಹಾಕಿದ್ದೆ ಅಣ್ಣ.

ಕುಂದಾಪ್ರ ಎಕ್ಸ್‌ಪ್ರೆಸ್
ಚಿಲ್ಲರೆ ಅಂಬ್ದ್ರೊಳಗೆ ತಲೆ ಹಾಕಿದ್ರಲೆ ಮರಾಯ್ರೆ 😂

ಲೆಕ್ಕದ ಕಾಮತ್
ಪೇಂಟಿಗೆ 50 ಸಾವಿರ, ಬ್ರೇಕ್ ಮತ್ತು ಸಸ್ಪೆನ್ಷನ್ ಎರಡೂ ಸೇರಿ 60 ಸಾವಿರ. ಇದನ್ನು ನೋಡಿದ ಕೂಡಲೇ ಯುವಕರು ಅಂತ ಗೊತ್ತಾಯ್ತು.

ಒಂದು ಮಾತು. ಖರ್ಚನ್ನು ಮೂರು ಡಬ್ಬಿ ಮಾಡಿ. ಒಮ್ಮೆ ಮಾಡಿದರೆ ಮುಗಿಯುವ ಖರ್ಚು: ಚಾಸಿಸ್, ಕೇಜ್. ಅವಧಿ ಇರುವ ಖರ್ಚು: ಬೆಲ್ಟು, ಸೀಟು, ಇವಕ್ಕೆ ಎಫ್‌ಐಎ ಗುರುತಿನ ಜೊತೆ ವಾಯಿದೆ ಇರುತ್ತದೆ, ಮುಗಿದ ಮೇಲೆ ರೇಸಿನಲ್ಲಿ ಬಿಡುವುದಿಲ್ಲ. ಪ್ರತಿ ಸಲದ ಖರ್ಚು: ಸಾಗಾಟ, ಫೀ, ಟಯರ್, ಬ್ರೇಕ್ ಲೈನರ್, ಪೆಟ್ರೋಲು. ಮೂರನೆಯ ಡಬ್ಬಿಯನ್ನು ವರ್ಷಕ್ಕೆ ಎಷ್ಟು ಸಲ ತುಂಬಿಸಲು ಸಾಧ್ಯ ಅಂತ ಮೊದಲು ನೋಡಿ, ಆಮೇಲೆ ಗಾಡಿಗೆ ಎಷ್ಟು ಹಾಕುವುದು ಅಂತ ತೀರ್ಮಾನಿಸಿ. ಹೆಚ್ಚಿನವರು ತಿರುಗಾಮುರುಗಾ ಮಾಡಿ, ಗಾಡಿ ಕಟ್ಟಿ, ಕವರ್ ಹಾಕಿ ನಿಲ್ಲಿಸುತ್ತಾರೆ. ನಿಮ್ಮ ದೊಡ್ಡಪ್ಪನ ಶೆಡ್ಡಿನಿಂದ ನಿಮ್ಮ ಶೆಡ್ಡಿಗೆ, ಅಷ್ಟೇ ವ್ಯತ್ಯಾಸ.

ಕದ್ರಿ ಕಂಬಳ
ಕಾಮತ್ರೆ, ನಮ್ಮ ಮಾವ ಕಂಬಳದ ಕೋಣಕ್ಕೆ ಹುರುಳಿ ಹಾಕುವ ಖರ್ಚು ನೋಡಿದ್ರೆ ನೀವು ಇವರಿಗೆ ಶಾಲು ಹೊದಿಸ್ತೀರಿ. ಕೋಣಕ್ಕೆ ವಾಯಿದೆಯೂ ಉಂಟು, ಸಾಗಾಟವೂ ಉಂಟು, ಮೇಲಿಂದ ಅದಕ್ಕೆ ಸಿಟ್ಟೂ ಬರ್ತದೆ.

ಲೆಕ್ಕದ ಕಾಮತ್
ಕೋಣ ಸೆಗಣಿಯನ್ನಾದರೂ ಕೊಡುತ್ತದೆ.

ಕೇಜ್ ಅಕ್ಕ
ನಾನು ಕಾಲೇಜಿನಲ್ಲಿ ಬಾಹಾ ಸ್ಪರ್ಧೆಗೆ ಗಾಡಿ ಕಟ್ಟಿದ ತಂಡದಲ್ಲಿ ಇದ್ದವಳು, ಕೇಜ್ ನನ್ನ ಪಾಲಿಗೆ ಬಂದಿತ್ತು. ಯಾರೂ ಹೇಳದ್ದು ಒಂದುಂಟು, ಅದನ್ನು ಹೇಳ್ತೇನೆ.

ಇದು ಫೈಬರ್ ಬಾಡಿ. ಮಾರುತಿಗೋ ಪದ್ಮಿನಿಗೋ ಕೇಜ್ ಹಾಕುವಾಗ ಕಾಲುಗಳನ್ನು ನೆಲದ ತಗಡಿಗೆ ಪ್ಲೇಟ್ ಇಟ್ಟು ಕೂರಿಸ್ತಾರೆ. ಡಾಲ್ಫಿನಿನಲ್ಲಿ ನೆಲ ಅಂದ್ರೆ ಫೈಬರ್, ಅದಕ್ಕೆ ಬೋಲ್ಟ್ ಹಾಕಿದ್ರೆ ಗಾಡಿ ಮಗುಚಿದಾಗ ಪೈಪು ಛತ್ರಿಯ ಕೋಲಿನ ಹಾಗೆ ನೆಲ ತೂತು ಮಾಡಿ ಹೊರಗೆ ಬರ್ತದೆ. ಕೆಳಗಿನ ಕಬ್ಬಿಣದ ಚಾಸಿಸ್‌ನಿಂದ ಪಕ್ಕಕ್ಕೆ ಕೈ ತೆಗೆದು, ಕೇಜಿನ ಕಾಲು ಅದರ ಮೇಲೆ ಬರಬೇಕು. ಅಂದ್ರೆ ಬಾಡಿ ಎತ್ತಿ ಕೆಲಸ ಮಾಡಬೇಕು. ಅಂದ್ರೆ ಮೊದಲು ಚಾಸಿಸ್ ಗಟ್ಟಿ ಉಂಟಾ ನೋಡಬೇಕು. ಕೆಲಸದ ಕ್ರಮವೇ ಬದಲಾಗ್ತದೆ.

ಪೈಪು ಗೇಟಿಗೆ ಹಾಕುವ ಜಿಐ ಪೈಪ್ ಅಲ್ಲ, ನೀರಿನ ಪೈಪ್ ಖಂಡಿತ ಅಲ್ಲ. ಜೋಡಣೆ ಇಲ್ಲದ, ತಣ್ಣಗೆ ಎಳೆದ ಉಕ್ಕಿನ ಪೈಪ್. ಎಫ್‌ಐಎ ನಿಯಮದಲ್ಲಿ ಚಾಲಕನ ಹಿಂದಿನ ಮುಖ್ಯ ಕಮಾನಿಗೆ 45 ಮಿಮೀ ವ್ಯಾಸ, 2.5 ಮಿಮೀ ದಪ್ಪ ಅಥವಾ 50ಕ್ಕೆ 2. ಉಳಿದ ಪೈಪಿಗೆ 38ಕ್ಕೆ 2.5 ಅಥವಾ 40ಕ್ಕೆ 2. ಬೈಕಂಪಾಡಿಯಲ್ಲಿ ಪೈಪ್ ಬಗ್ಗಿಸುವವರು ಇದ್ದಾರೆ. ಆದ್ರೆ ಬಗ್ಗಿಸುವಾಗ ಪೈಪಿನ ಹೊಟ್ಟೆ ಚಪ್ಪಟೆ ಆಗದ ಹಾಗೆ ಡೈ ಸರಿಯಾಗಿರಬೇಕು. ಮರಳು ತುಂಬಿ ಬೆಂಕಿ ಹಾಕಿ ಬಗ್ಗಿಸ್ತೇನೆ ಅಂದವರ ಹತ್ತಿರ ನಮಸ್ಕಾರ ಹೇಳಿ ಬನ್ನಿ.

ಪೈಪ್ ತಗೊಳ್ಳುವ ಮೊದಲು ನೀವು ಓಡಬೇಕೆಂದಿರುವ ರೇಸಿನ ಈ ವರ್ಷದ ನಿಯಮ ಪುಸ್ತಕ ತರಿಸಿ ಓದಿ. ಕೇಜ್ ಆದ ಮೇಲೆ ಓದಿದ್ರೆ ಪ್ರಯೋಜನ ಇಲ್ಲ.

ಎರಡನೇ ಗೇರ್
ಅಕ್ಕಾ, ತುಂಬ ಉಪಕಾರ ಆಯ್ತು. ನಾನು ಮೊದಲು ಇಂಜಿನ್, ಆಮೇಲೆ ಪೇಂಟ್, ಕೊನೆಗೆ ಕೇಜ್ ಅಂತ ಇದ್ದೆ.

ಬೆಂದಕಾಳು
ನೋಡಿ, ಎಲ್ಲರೂ ಸೇರಿ ನನ್ನ ಮಾತನ್ನೇ ಹೇಳ್ತಿದೀರ. ಬಾಡಿ ಎತ್ತು, ಚಾಸಿಸ್ ಕೆರಿ, ಸಿಗದ ಸ್ಪೇರ್ ಹುಡುಕು. ಎಸ್ಟೀಮಲ್ಲಿ ಇದ್ಯಾವ ತಲೆನೋವೂ ಇಲ್ಲ.

ಶೋಲಾವರಂ 84
ಎಸ್ಟೀಮ್ ಓಡಿಸಿದರೆ ಟ್ರ್ಯಾಕ್ ಬದಿಯ ಪಿಟ್‌ನಲ್ಲಿ ಯಾರಾದರೂ ಬಂದು "ಇದು ಯಾವ ಕಾರು ಸಾರ್" ಅಂತ ಕೇಳುತ್ತಾರಾ?

ಬೆಂದಕಾಳು
ಕೇಳಲ್ಲ. ಆದ್ರೆ ಕಾರು ಪಿಟ್‌ನಲ್ಲೂ ಇರಲ್ಲ ಸಾರ್, ಟ್ರ್ಯಾಕ್ ಮೇಲೆ ಇರುತ್ತೆ.

ಕುಂದಾಪ್ರ ಎಕ್ಸ್‌ಪ್ರೆಸ್
ಒಂದ್ ಪಾಯಿಂಟ್ ಬೆಂಗ್ಳೂರಿಗೆ.

ಮಲ್ಪೆ ಫೈಬರ್
ಫೈಬರ್ ಅಂತ ಕೇಳಿ ಬಂದೆ. ನಾವು ಮೂರು ಜನ ದೋಣಿಗೆ ಫೈಬರ್ ಹೊಡೆಯುವವರು. ಕಾರು ಒಂದೇ ಒಂದು ಮಾಡಿದ್ದು, ಅದೂ ಒಬ್ಬರ ಜೀಪಿನ ಟಾಪ್. ಆದ್ರೆ ಅಂಟುವ ರೆಸಿನ್ ರೆಸಿನೇ, ಗಾಜಿನ ನಾರಿನ ಮ್ಯಾಟ್ ಮ್ಯಾಟೇ.

ಹಳೆ ಫೈಬರಿಗೆ ಮೇಲಿಂದ ಪುಟ್ಟಿ ತುಂಬಿಸಿ ಪಾಲಿಶ್ ಹೊಡೆದು ಕೊಡುವವರು ಇದ್ದಾರೆ, ಅವರ ಹತ್ತಿರ ಹೋಗ್ಬೇಡಿ. ಬಿರುಕು ಇದ್ದಲ್ಲಿ ಎರಡೂ ಬದಿ ಇಳಿಜಾರಾಗಿ ಉಜ್ಜಬೇಕು, ಹಿಂದಿನಿಂದ ಮ್ಯಾಟ್ ಪದರ ಪದರ ಕೂರಿಸಬೇಕು, ಗಾಳಿಗುಳ್ಳೆ ಉಳಿಯದ ಹಾಗೆ ರೋಲರ್ ಎಳಿಬೇಕು. ಕೋಳಿ ಇದ್ದದ್ದು ತೊಂದರೆ ಇಲ್ಲ, ಒಳಗೆ ಎಣ್ಣೆ ಗ್ರೀಸ್ ಇದ್ರೆ ಮಾತ್ರ ಹಿಡಿಯುವುದಿಲ್ಲ, ಚೆನ್ನಾಗಿ ತೊಳಿಬೇಕು. ಬಾಗಿಲಿನ ಹಿಂಜಿಸ್ ಹತ್ತಿರ, ಬಾಡಿ ಚಾಸಿಸ್‌ಗೆ ಬೋಲ್ಟ್ ಆಗುವ ಜಾಗದಲ್ಲಿ ತಟ್ಟಿ ನೋಡಿ. ಗಟ್ಟಿ ಸದ್ದು ಬಂದ್ರೆ ಒಳ್ಳೆದು, ಹಲಸಿನಹಣ್ಣು ತಟ್ಟಿದ ಹಾಗೆ ಮೆತ್ತಗೆ ಬಂದ್ರೆ ಪದರ ಬಿಟ್ಟಿದೆ ಅಂತ.

ಆದ್ರೆ ಈಗ ತರಬೇಡಿ. ಜೂನ್ 1ರಿಂದ ಜುಲೈ 31 ಮೀನುಗಾರಿಕೆ ಬಂದ್, ಬೋಟೆಲ್ಲ ಮೇಲೆ ಬರ್ತದೆ, ನಮಗೆ ಊಟಕ್ಕೂ ಪುರುಸೊತ್ತಿರುವುದಿಲ್ಲ. ಅದೂ ಅಲ್ಲದೆ ಮಳೆಗಾಲದ ತೇವದಲ್ಲಿ ರೆಸಿನ್ ಸರಿಯಾಗಿ ಗಟ್ಟಿ ಆಗುವುದಿಲ್ಲ. ಬೋಟಿನವರಿಗೆ ಬೇರೆ ದಾರಿ ಇಲ್ಲ, ಟಾರ್ಪಾಲು ಕಟ್ಟಿ ಬಲ್ಬ್ ಉರಿಸಿ ಮಾಡ್ತೇವೆ. ನಿಮಗೇನು ಅರ್ಜೆಂಟ್? ದಸರಾ ಕಳೆದು ತನ್ನಿ.

ಎರಡನೇ ಗೇರ್
ಖರ್ಚು ಎಷ್ಟಾಗಬಹುದು ಅಣ್ಣ?

ಮಲ್ಪೆ ಫೈಬರ್
ನೋಡದೆ ಹೇಳಿದ್ರೆ ಸುಳ್ಳಾಗ್ತದೆ. ರೇಸಿಗೆ ಅಂತಾದ್ರೆ ಚಂದ ಬೇಡ, ಗಟ್ಟಿ ಸಾಕು. ಚಂದ ಬೇಡ ಅಂದ್ರೆ ಅರ್ಧಕ್ಕರ್ಧ ಕಡಿಮೆ ಆಗ್ತದೆ. ದುಡ್ಡು ಹೋಗುವುದು ಉಜ್ಜುವುದಕ್ಕೆ, ಫೈಬರಿಗಲ್ಲ.

ಶಿರಾಡಿ ತಿರುವು
ಮೇಲಿನ ಕೊನೆಯ ಎರಡು ಸಾಲು ಬರೆದು ಗೋಡೆಗೆ ಅಂಟಿಸಿ. ಪೇಂಟಿನ 50 ಸಾವಿರ ಪಟ್ಟಿಯಿಂದ ಹೊಡೆದುಹಾಕಿ, ಒಂದು ಡಬ್ಬಿ ಬಣ್ಣ, ಒಂದು ಬ್ರಷ್ ಸಾಕು.

ಈಗ ಬ್ರೇಕ್. ನಾಲ್ಕೂ ಗಾಲಿಗೆ ಡ್ರಮ್ ಬ್ರೇಕ್. ಕರಿ ಟ್ರ್ಯಾಕ್ 2.1 ಕಿಲೋಮೀಟರ್ ಮಾತ್ರ, ತಿರುವು ಮೇಲೆ ತಿರುವು, ಬ್ರೇಕ್ ತಣ್ಣಗಾಗ್ಲಿಕ್ಕೆ ಸಮಯ ಸಿಗುವುದಿಲ್ಲ. ಗಾಡಿ ಹಗುರ ಇರುವುದು ನಿಮ್ಮ ಪುಣ್ಯ. ಆದ್ರೂ ನಾಲ್ಕೈದು ಸುತ್ತಿಗೆ ಡ್ರಮ್ ಕಾದು ಪೆಡಲ್ ಕೆಳಗೆ ಹೋಗ್ಲಿಕ್ಕೆ ಶುರುವಾಗ್ತದೆ. ಎದುರಿಗೆ ಡಿಸ್ಕ್ ಹಾಕಿಸುವುದಾದ್ರೆ ಮಾರುತಿ 800ರದ್ದು ಹೊಂದಿಸಿದವರು ಇದ್ದಾರೆ ಅಂತ ಕೇಳಿದ್ದೇನೆ, ಹಬ್‌ಗೆ ಲೇತಿನಲ್ಲಿ ಕೆಲಸ ಉಂಟು. ಎಲ್ಲ ಮೆಟಲ್ ಪೈಪ್ ಹೊಸತು, ರಬ್ಬರ್ ಹೋಸ್ ಹೊಸತು, ಡಾಟ್ 4 ಆಯಿಲ್. ಹದಿನೆಂಟು ವರ್ಷ ಕೂತ ವೀಲ್ ಸಿಲಿಂಡರ್ ಕಿಟ್ ಹಾಕಿ ಉಳಿಸ್ತೇನೆ ಅಂತ ಹೋಗ್ಬೇಡಿ.

ಬಂದರ್ ಗುಜರಿ
ಇಂಜಿನ್‌ಗೆ ಇಷ್ಟು ತಲೆಕೆಡಿಸಿಕೊಳ್ಳುವುದು ಎಂತಕ್ಕೆ? ಓಮ್ನಿ ಇಂಜಿನ್ ಹಾಕಿ. ಅದೂ ಉದ್ದಕ್ಕೆ ಕೂರುವುದು, ಹಿಂದಿನ ಗಾಲಿಗೇ ಎಳೆಯುವುದು, 796 ಸಿಸಿ. ಗೇರ್ ಬಾಕ್ಸ್ ಸಮೇತ ನನ್ನಲ್ಲೇ ಎರಡುಂಟು.

ಕಾರ್ಬೊರೇಟರ್ ಪೈ
ಓಮ್ನಿ ಹಾಕಿ ಕಡಿಮೆ ಶಕ್ತಿ ತಗೊಳ್ಳುವುದಾ? ಹಾಕುವುದೇ ಆದ್ರೆ ಜಿಪ್ಸಿಯ 1.3 ಹಾಕಿ. ಜಿಪ್ಸಿಯ ಫೋರ್ ವೀಲ್ ಬಾಕ್ಸ್ ಗೇರ್ ಬಾಕ್ಸಿಗೆ ಅಂಟಿಕೊಂಡಿಲ್ಲ, ಮಧ್ಯೆ ಸಣ್ಣ ಶಾಫ್ಟ್ ಉಂಟು. ಅದನ್ನು ಬಿಟ್ಟು ಗೇರ್ ಬಾಕ್ಸಿನಿಂದ ನೇರ ಹಿಂದಿನ ಆಕ್ಸಲ್‌ಗೆ ಶಾಫ್ಟ್ ಮಾಡಿಸಬಹುದು.

ಶೋಲಾವರಂ 84
ದಯವಿಟ್ಟು ಬೇಡ. ಉಳಿದಿರುವ ಡಾಲ್ಫಿನ್‌ಗಳನ್ನು ಬೆರಳಲ್ಲಿ ಎಣಿಸಬೇಕಾದ ಕಾಲ ಇದು. ಅದರ ಇಂಜಿನ್ ತೆಗೆದು ಜಿಪ್ಸಿಯದು ಹಾಕಿದರೆ ಉಳಿಯುವುದು ಏನು, ಡಬ್ಬಿ ಮಾತ್ರ. ನನ್ನನ್ನು ಕೇಳಿದರೆ ಕೇಜ್ ಕೂಡ ಬೇಡ, ಇದ್ದ ಹಾಗೆ ಸರಿಮಾಡಿ ರಸ್ತೆಯಲ್ಲಿ ಓಡಿಸಿ. ರೇಸಿಗೆ ಬೇರೆ ಗಾಡಿ ತೆಗೆದುಕೊಳ್ಳಿ.

ಬೆಂದಕಾಳು
ಎಸ್ಟೀಮ್! 🙋

ಶೋಲಾವರಂ 84
ಹೌದು, ಎಸ್ಟೀಮ್. ಸಾಕಾ?

ಕಾರ್ಬೊರೇಟರ್ ಪೈ
ಶೋಲಾವರಂನವರು ಹೇಳಿದ ಇಂಜಿನ್ ವಿಷಯ ಒಪ್ಪುತ್ತೇನೆ, ಜಿಪ್ಸಿ ಮಾತು ವಾಪಸ್. ನಿಜಕ್ಕೂ ಆ 848 ಅಷ್ಟು ಕೆಟ್ಟದ್ದಲ್ಲ. ಪೂರ್ತಿ ಅಲ್ಯೂಮಿನಿಯಂ, ಒಬ್ಬನೇ ಎತ್ತಬಹುದಾದಷ್ಟು ಹಗುರ. ಇಂಗ್ಲೆಂಡಿನಲ್ಲಿ 750 ಫಾರ್ಮುಲಾ ಅಂತ ಬಡವರ ರೇಸ್ ಉಂಟು, ಅದರಲ್ಲಿ ಎಷ್ಟೋ ವರ್ಷ ಓಡಿದ್ದು ಇದೇ ರಿಲಯಂಟ್ ಇಂಜಿನ್. ಹಾಗಾಗಿ ಕ್ಯಾಮ್, ಪಿಸ್ಟನ್, ಗ್ಯಾಸ್ಕೆಟ್ ಅಲ್ಲಿ ಈಗಲೂ ಹುಡುಕಿದ್ರೆ ಸಿಗ್ತದೆ, ಕಿಟನ್ ಮಾಲೀಕರ ಕ್ಲಬ್ಬೂ ಉಂಟು.

ಆದ್ರೆ ಎರಡು ವಿಷಯ. ಸುಂಕ ಲೆಕ್ಕ ಹಾಕಿ. ನಾನು ಹೆರಾಲ್ಡಿಗೆ ಅಂತ ಹನ್ನೊಂದು ಸಾವಿರದ ಸಾಮಾನು ತರಿಸಿದೆ, ಸುಂಕ, ಕೊರಿಯರ್ ಎಲ್ಲ ಸೇರಿ ಮನೆ ಬಾಗಿಲಿಗೆ ಬರುವಾಗ ಹತ್ತೊಂಬತ್ತು ಸಾವಿರ. ಎರಡನೆಯದ್ದು ನೀರು. ಇದರಲ್ಲಿ ಪಿಸ್ಟನ್ ಓಡಾಡುವ ಲೈನರ್ ಸುತ್ತ ನೇರ ನೀರೇ ಇರುವುದು. ಅಲ್ಯೂಮಿನಿಯಂ ಇಂಜಿನ್‌ಗೆ ಕೂಲಂಟ್ ಹಾಕದೆ ಬಾವಿ ನೀರೋ ಬೋರ್ ನೀರೋ ಹಾಕಿ ಓಡಿಸಿದ್ರೆ ಒಳಗೆ ಹುಣ್ಣು ಬಿದ್ದ ಹಾಗೆ ಕೊರೆದಿರ್ತದೆ. ದೊಡ್ಡಪ್ಪ ಎಂತ ಹಾಕ್ತಿದ್ರು?

ಎರಡನೇ ಗೇರ್
ಬಾವಿ ನೀರು. ಕೊಡಪಾನ ಹಿಡ್ಕೊಂಡು ನಾನೇ ತಂದುಕೊಟ್ಟದ್ದು ನೆನಪುಂಟು. 🤦

ಕಾರ್ಬೊರೇಟರ್ ಪೈ
ಹಾಗಾದ್ರೆ ಹೆಡ್ ತೆಗೆದು ನೋಡುವ ತನಕ ಇಂಜಿನ್ ಬಜೆಟ್ ಬರಿಯಬೇಡಿ. ಸ್ಟಾರ್ಟ್ ಮಾಡ್ಲಿಕ್ಕೂ ಹೋಗ್ಬೇಡಿ. ಮೊದಲು ಪ್ಲಗ್ ತೆಗೆದು ಸ್ವಲ್ಪ ಆಯಿಲ್ ಬಿಟ್ಟು ಎರಡು ದಿನ ಇಟ್ಟು ಕೈಯಲ್ಲಿ ತಿರುಗಿಸಿ ನೋಡಿ, ಜಾಮ್ ಆಗಿದ್ರೆ ಒತ್ತಾಯ ಬೇಡ.

ಪೆಟ್ರೋಲ್ ಬಗ್ಗೆಯೂ ಒಂದು ಮಾತು. ಈಗ ಪಂಪಿನಲ್ಲಿ ಸಿಗುವುದು ಇ20, ನೂರಕ್ಕೆ ಇಪ್ಪತ್ತು ಎಥನಾಲ್. ಆ ಕಾಲದ ರಬ್ಬರ್ ಹೋಸ್, ಪಂಪಿನ ಡಯಾಫ್ರಮ್ ಅದಕ್ಕೆ ಮಾಡಿದ್ದಲ್ಲ, ಮೆತ್ತಗಾಗಿ ಸೋರ್ತದೆ. ಫೈಬರ್ ಗಾಡಿ, ಪೆಟ್ರೋಲ್ ಸೋರಿಕೆ, ಬಿಸಿ ಸೈಲೆನ್ಸರ್... ಮುಂದೆ ನೀವೇ ಯೋಚನೆ ಮಾಡಿ. ಎಥನಾಲ್ ತಡೆಯುವ ಹೋಸ್ ಮಾತ್ರ ಹಾಕಿ. ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಬಿಡುವ ಜೆಟ್ ಒಂದು ಅಳತೆ ದೊಡ್ಡದು ಬೇಕಾಗ್ತದೆ, ಇಲ್ಲದಿದ್ರೆ ಪೆಟ್ರೋಲ್ ಕಡಿಮೆಯಾಗಿ ಇಂಜಿನ್ ಕಾಯ್ತದೆ. ಎಥನಾಲ್ ಗಾಳಿಯ ತೇವ ಎಳಿತದೆ, ಹಾಗಾಗಿ ಮಳೆಗಾಲದಲ್ಲಿ ಗಾಡಿ ನಿಲ್ಲಿಸುವಾಗ ಟ್ಯಾಂಕ್ ಖಾಲಿ ಮಾಡಿ.

ದಾಖಲೆ ಶೆಟ್ರು
ನೀವೆಲ್ಲ ಇಂಜಿನ್ ಬಿಚ್ಚುವ ಗಡಿಬಿಡಿಯಲ್ಲಿ ಇದ್ದೀರಿ. ಆರ್‌ಸಿ ಯಾರ ಹೆಸರಲ್ಲಿ ಉಂಟು? ದೊಡ್ಡಪ್ಪ ತೀರಿಕೊಂಡಿದ್ದಾರೆ. ಮೊದಲು ಫಾರ್ಮ್ 31 ಹಾಕಿ ವಾರಸುದಾರರ ಹೆಸರಿಗೆ ಮಾಡಿಸಬೇಕು. ಮರಣ ಪ್ರಮಾಣಪತ್ರ, ಉಳಿದ ಮಕ್ಕಳ ಒಪ್ಪಿಗೆ ಎಲ್ಲ ಬೇಕಾಗ್ತದೆ. "ದೊಡ್ಡಮ್ಮ ಬಾಯಲ್ಲಿ ಹೇಳಿದ್ರು" ಅಂದ್ರೆ ನಾಳೆ ಮುಂಬೈಯಲ್ಲಿರುವ ಮಗ ಬಂದು ನನ್ನ ಅಪ್ಪನ ಕಾರು ಎಲ್ಲಿ ಅಂತ ಕೇಳಿದ್ರೆ ಕಷ್ಟ. ರಾಜ್ಯಗಳ ಗಡಿಯಲ್ಲಿ, ತಲಪಾಡಿ ದಾಟುವಾಗ, ವಾಳಯಾರಿನಲ್ಲಿ, ಲಾರಿ ಮೇಲಿನ ಗಾಡಿಗೂ ಕಾಗದ ಕೇಳಬಹುದು.

ವಿಂಟೇಜ್ ನೋಂದಣಿ ಕೂಡ ಯೋಚನೆ ಮಾಡಿ. 2021ರಿಂದ ಹೊಸ ನಿಯಮ ಉಂಟು, ನಂಬರ್ ಪ್ಲೇಟಲ್ಲಿ ವಿಎ ಅಂತ ಬರ್ತದೆ, ಹೊಸ ನೋಂದಣಿಗೆ ಶುಲ್ಕ 20,000.

ಲೆಕ್ಕದ ಕಾಮತ್
ಶೆಟ್ರೆ, ಅದು 50 ವರ್ಷ ದಾಟಿದ ಗಾಡಿಗೆ. 1984ರದ್ದು 2034ಕ್ಕೆ ಅರ್ಹ.

ದಾಖಲೆ ಶೆಟ್ರು
ಸರಿ, ಲೆಕ್ಕ ತಪ್ಪಿದ್ದು ಒಪ್ಪಿದೆ. ಆದ್ರೆ ಅದರಲ್ಲೇ ಒಂದು ವಿಷಯ ಉಂಟು. ಆ ನಿಯಮದಲ್ಲಿ ಗಾಡಿ ಮೂಲ ರೂಪದಲ್ಲೇ ಇರಬೇಕು, ಚಾಸಿಸ್, ಬಾಡಿ, ಇಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಈಗ ಚಾಸಿಸ್ ಕಡಿದು ಕೇಜ್ ಬೆಸೆದ್ರೆ 2034ರಲ್ಲಿ ಆ ಬಾಗಿಲು ಮುಚ್ಚಿಹೋಗ್ತದೆ. ಅಲ್ಲಿ ತನಕ ಕಾದ್ರೆ ವಿಂಟೇಜ್, ಈಗ ಕಡಿದ್ರೆ ರೇಸ್ ಕಾರು. ಎರಡೂ ಬೇಕು ಅಂದ್ರೆ ಆಗುವುದಿಲ್ಲ.

ಮತ್ತೆ, ನಾವು ಮಾಡಿಸುವ ಮಾಮೂಲಿ ಇನ್ಶೂರೆನ್ಸ್ ರೇಸಿನಲ್ಲಿ ಆದ ಹಾನಿಗೆ ಬರುವುದಿಲ್ಲ. ಪಾಲಿಸಿ ಓದಿ, ಅದರಲ್ಲೇ ಬರೆದಿರ್ತದೆ.

ಶೋಲಾವರಂ 84
ನಾನು ಹೇಳಿದ್ದನ್ನೇ ಶೆಟ್ಟರು ಕಾನೂನಿನಲ್ಲಿ ಹೇಳಿದರು.

ಕೇಜ್ ಅಕ್ಕ
ಕಡಿಯದೆ ಮಾಡ್ಲಿಕ್ಕೆ ದಾರಿ ಇಲ್ಲ ಅಂತ ಇಲ್ಲ. ಚಾಸಿಸ್‌ಗೆ ಬೆಸೆಯುವ ಬದಲು ಅದನ್ನು ಅಪ್ಪಿಕೊಳ್ಳುವ ಹಾಗೆ ದಪ್ಪ ಪ್ಲೇಟಿನ ಕ್ಲಾಂಪ್ ಮಾಡಿ ಬೋಲ್ಟ್ ಹಾಕುವ ಕೇಜ್. ಭಾರ ಹೆಚ್ಚು, ಖರ್ಚು ಹೆಚ್ಚು, ಫೈಬರ್ ನೆಲದಲ್ಲಿ ತೂತು ಮಾಡ್ಲೇಬೇಕು, ಅದನ್ನು ಮಲ್ಪೆಯವರು ಮುಚ್ಚಿಕೊಡ್ತಾರೆ. ಟ್ರ್ಯಾಕ್ ಡೇಗೆ ನಾನು ಒಪ್ಪಿಯೇನು. ರೇಸಿಗೆ ಒಪ್ಪಬೇಕಾದವರು ತಪಾಸಣೆಯವರು, ಡ್ರಾಯಿಂಗ್ ಮೊದಲೇ ಅವರಿಗೆ ತೋರಿಸಿ.

ಶಿರಾಡಿ ತಿರುವು
ರೇಸಿಗೆ ನಮ್ಮ ದೇಶದ ಮೋಟಾರ್ ಸ್ಪೋರ್ಟ್ಸ್ ಒಕ್ಕೂಟ ಎಫ್‌ಎಂಎಸ್‌ಸಿಐಯ ಲೈಸೆನ್ಸ್ ಬೇಕು, ವೈದ್ಯಕೀಯ ತಪಾಸಣೆ ಬೇಕು, ನಿಮ್ಮ ಗಾಡಿ ಹೋಗುವ ವರ್ಗ ಆ ವರ್ಷ ಇರಬೇಕು. ಇದ್ದಕ್ಕಿದ್ದಂತೆ ಒಂದು ಡಾಲ್ಫಿನ್ ತಂದು ಸಾಲಿನಲ್ಲಿ ನಿಲ್ಲಿಸ್ಲಿಕ್ಕೆ ಆಗುವುದಿಲ್ಲ. ಟ್ರ್ಯಾಕ್ ಡೇ ಆದ್ರೆ ಹಾಗಲ್ಲ. ಮೊದಲ ವರ್ಷ ಅದನ್ನೇ ಮಾಡಿ.

ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ ಡಕಾರ್ ರ‍್ಯಾಲಿ (ಮರುಭೂಮಿಯಲ್ಲಿ ದಿನಗಟ್ಟಲೆ ಓಡುವ ರೇಸ್) ಮುಗಿಸಿ ಬಂದಾಗ ನಮ್ಮೂರಲ್ಲಿ ಅರ್ಧ ಜನಕ್ಕೆ ಡಕಾರ್ ಎಂತದು ಅಂತ ಗೊತ್ತಿರ್ಲಿಲ್ಲ. ಮೊಗ್ರಾಲಿನ ಮೂಸಾ ಶರೀಫ್ ಇಷ್ಟು ವರ್ಷ ರಾಷ್ಟ್ರೀಯ ರ‍್ಯಾಲಿಗಳಲ್ಲಿ ಪಕ್ಕದ ಸೀಟಿನಲ್ಲಿ ಕೂತು ದಾರಿ ಹೇಳಿದವರು, ಅವರನ್ನು ಗುರುತಿಸುವವರು ಎಷ್ಟು ಜನ? ಹಾಗಾಗಿ ಡಾಲ್ಫಿನ್ ತಗೊಂಡು ಹೋಗ್ತೇನೆ ಅಂದ್ರೆ ಮನೆಯಲ್ಲಿ ನಗ್ತಾರೆ. ನಗ್ಲಿ.

ಕುಂದಾಪ್ರ ಎಕ್ಸ್‌ಪ್ರೆಸ್
ನಾವ್ ಇಲ್ಲೇ ನಗಾಡ್ತಾ ಇತ್ತ್, ಮನೆ ತನಕ ಎಂತಕ್ಕೆ?

ಕದ್ರಿ ಕಂಬಳ
ಶಿರಾಡಿ ಅಂದ ಕೂಡ್ಲೆ ನೆನಪಾಯ್ತು, ಘಾಟಿ ಈಗ ಹೇಗುಂಟು? ಶನಿವಾರ ಬೆಂಗಳೂರಿಗೆ ಹೋಗ್ಲಿಕ್ಕುಂಟು.

ಶಿರಾಡಿ ತಿರುವು
ಹೆಸರು ಮಾತ್ರ ನನ್ನದು, ಘಾಟಿ ಸರ್ಕಾರದ್ದು. ಚಾರ್ಮಾಡಿಯಲ್ಲಿ ಹೋಗಿ.

ಎರಡನೇ ಗೇರ್
ಎಲ್ಲರಿಗೂ ಉತ್ತರ ಕೊಡ್ಲಿಕ್ಕೆ ತಡ ಆಯ್ತು. ಈ ಭಾನುವಾರ ಕಾರ್ಕಳಕ್ಕೆ ಹೋಗಿದ್ದೆ. ಮುಂಬೈಯಿಂದ ಅಣ್ಣ, ದೊಡ್ಡಪ್ಪನ ಮಗ, ಅವನೂ ಬಂದಿದ್ದ. ಶೆಟ್ರು ಹೇಳಿದ ಮಾತು ಅವನ ಎದುರಲ್ಲೇ ಎತ್ತಿದೆ. ಅವನು, "ಕಾಗದಕ್ಕೆ ಎಲ್ಲಿ ಬೇಕಾದ್ರೂ ಸೈನ್ ಹಾಕ್ತೇನೆ, ಆದ್ರೆ ಮೊದಲ ಸಲ ಓಡುವಾಗ ಪಕ್ಕದಲ್ಲಿ ನಾನು ಕೂರ್ತೇನೆ" ಅಂದ. ಅಂದ್ರೆ ಎರಡು ಸೀಟು, ಎರಡು ಬೆಲ್ಟು, ಎರಡು ಹೆಲ್ಮೆಟ್! ಅವನ ಹೆಲ್ಮೆಟ್ ಅವನೇ ತಗೊಳ್ಳಲಿ ಅಂತ ಅಲ್ಲೇ ತೀರ್ಮಾನ ಮಾಡಿದೆವು.

ಗೋಣಿ ಇಳಿಸಿ, ಕೋಳಿ ಓಡಿಸಿ, ನಾಲ್ಕು ಜನ ಸೇರಿ ತಳ್ಳಿದೆವು. ಗಾಲಿ ತಿರುಗಲಿಲ್ಲ, ಎಳೆದೇ ತಂದದ್ದು. ಗಾಡಿ ಎಷ್ಟು ಹಗುರ ಅಂದ್ರೆ ಹಿಂದಿನ ಭಾಗ ಮೂರು ಜನ ಎತ್ತಿ ಬದಿಗಿಟ್ಟೆವು. ಬಾಡಿ ತಟ್ಟಿ ನೋಡಿದೆ: ಎಡಬದಿ ಬಾಗಿಲಿನ ಹತ್ತಿರ ಹಲಸಿನಹಣ್ಣು, ಉಳಿದದ್ದು ಗಟ್ಟಿ. ಚಾಸಿಸ್‌ಗೆ ಸ್ಕ್ರೂಡ್ರೈವರ್ ಚುಚ್ಚಿದೆ. ಹಿಂದಿನ ಲೀಫ್ ಸ್ಪ್ರಿಂಗ್ ಕೂರುವಲ್ಲಿ ಸ್ಕ್ರೂಡ್ರೈವರ್ ಹಿಡಿಕೆ ತನಕ ಒಳಗೆ ಹೋಯ್ತು. ಪ್ಲಗ್ ತೆಗೆದು ಆಯಿಲ್ ಬಿಟ್ಟಿದ್ದೇನೆ.

ಹೊಸ ಲೆಕ್ಕ:

ಚಾಸಿಸ್ ಬ್ಲಾಸ್ಟಿಂಗ್, ಕೊಳೆತದ್ದು ತೆಗೆದು ಬೆಸುಗೆ 70,000
ಬ್ರೇಕ್ ಪೂರ್ತಿ 65,000
ಕೇಜ್, ಬೋಲ್ಟ್ ಹಾಕುವಂಥದ್ದು 85,000
ಸೀಟು, ಬೆಲ್ಟು 60,000
ಇಂಜಿನ್, ಈಗಕ್ಕೆ ಹೆಡ್, ರೇಡಿಯೇಟರ್, ಕಾರ್ಬೊರೇಟರ್ ಮಾತ್ರ 45,000
ಟಯರ್ 25,000
ಹೆಲ್ಮೆಟ್, ಸೂಟ್, ಹ್ಯಾನ್ಸ್ 1,30,000
ವೈರಿಂಗ್, ಬೆಂಕಿ ಆರಿಸುವ ಸಿಲಿಂಡರ್, ಹೋಸ್ 30,000
ಮೊದಲ ಕೊಯಮತ್ತೂರು ಪ್ರಯಾಣ 70,000

ಒಟ್ಟು 5,80,000. ಪೇಂಟ್ ಸೊನ್ನೆ. ಕೈಯಲ್ಲಿ ಉಳಿಯುವುದು 20,000. ಶೋಲಾವರಂ ಸಾರ್, ಇಂಜಿನ್ ಬದಲು ಮಾಡುವುದಿಲ್ಲ, ಕಡಿಯುವುದೂ ಇಲ್ಲ.

ಲೆಕ್ಕದ ಕಾಮತ್
ಫೈಬರ್ ಕೆಲಸ ಪಟ್ಟಿಯಲ್ಲಿ ಇಲ್ಲ. ಹಲಸಿನಹಣ್ಣನ್ನು ಹಾಗೇ ಬಿಡುವುದಾ? ಇನ್ನು 20,000 ಅಂದರೆ ನೂರಕ್ಕೆ ಮೂರೂವರೆ. ಹದಿನೆಂಟು ವರ್ಷ ಕೋಳಿ ಸಾಕಿದ ಗಾಡಿಗೆ ನೂರಕ್ಕೆ ಇಪ್ಪತ್ತೈದಾದರೂ ಬದಿಗಿಡಬೇಕು. ದುಡ್ಡು ಹೆಚ್ಚು ಮಾಡಲಾಗದಿದ್ದರೆ ದಿನ ಹೆಚ್ಚು ಮಾಡಿ. ಸೂಟು, ಸೀಟು, ಪ್ರಯಾಣ ಇವೆಲ್ಲ ಮುಂದಿನ ವರ್ಷದ ಪುಟಕ್ಕೆ ಹೋಗಲಿ. ವಾಯಿದೆ ಇರುವ ಸಾಮಾನನ್ನು ಗಾಡಿ ಓಡುವ ಮೊದಲೇ ತಂದು ಕಪಾಟಿನಲ್ಲಿಟ್ಟರೆ ಅದರ ಆಯುಷ್ಯ ಅಲ್ಲೇ ಕರಗುತ್ತದೆ.

ಎರಡನೇ ಗೇರ್
ಫೈಬರ್ ಮರೆತೇಹೋಯ್ತು ಕಾಮತ್ರೆ! ಸರಿ, ಈ ವರ್ಷ ಚಾಸಿಸ್, ಬ್ರೇಕ್, ಫೈಬರ್ ಮಾತ್ರ. ಕೊಯಮತ್ತೂರು ಮುಂದಿನ ಜನವರಿ ಅಲ್ಲ, ಅದರ ಮುಂದಿನ ಜನವರಿ.

ಬೆಂದಕಾಳು
ಅಷ್ಟರಲ್ಲಿ ನನ್ನ ಎಸ್ಟೀಮಲ್ಲಿ ಒಂದು ದಿನ ಓಡಿಸೋಕೆ ಬನ್ನಿ. ಡಿಸೆಂಬರಲ್ಲಿ ಕರಿಗೆ ಹೋಗ್ತಿದ್ದೀನಿ. ಟ್ರ್ಯಾಕ್ ಅಂದ್ರೆ ಏನು ಅಂತ ಗೊತ್ತಾಗುತ್ತೆ, ಫೀ ಅರ್ಧ ಅರ್ಧ. ಹೆಲ್ಮೆಟ್ ಮಾತ್ರ ನಿಮ್ಮದು.

ಶೋಲಾವರಂ 84
ಇದು ಒಳ್ಳೆಯ ಮಾತು. ನಾನೂ ಬರುತ್ತೇನೆ, ಓಡಿಸಲು ಅಲ್ಲ, ನೋಡಲು.

ಮಲ್ಪೆ ಫೈಬರ್
ಬಾಗಿಲಿನ ಹತ್ತಿರದ ಫೋಟೊ ಹಾಕಿ, ಹಗಲು ಬೆಳಕಲ್ಲಿ ತೆಗೆದದ್ದು. ಟಾರ್ಪಾಲು ಸರಿಯಾಗಿ ಕಟ್ಟಿ, ಕೆಳಗಿಂದ ಗಾಳಿ ಆಡ್ಲಿಕ್ಕೆ ಜಾಗ ಬಿಡಿ. ಪೂರ್ತಿ ಮುಚ್ಚಿದ್ರೆ ಒಳಗೆ ಬೆವರಿ ಚಾಸಿಸ್ ಇನ್ನೂ ಹಾಳಾಗ್ತದೆ.

ಎರಡನೇ ಗೇರ್
ನಾಳೆ ಹಾಕ್ತೇನೆ ಅಣ್ಣ. ಈಗ ದೊಡ್ಡಮ್ಮನ ಫೋನ್ ಬಂತು. ಖಾಲಿ ಆದ ಶೆಡ್ಡಿನಲ್ಲಿ ಸೌದೆ ತುಂಬಿಸಿ ಆಯ್ತಂತೆ, ಕೋಳಿಗಳು ಮಾತ್ರ ಸಂಜೆ ಆದ ಕೂಡ್ಲೆ ಅಂಗಳದಲ್ಲಿರುವ ಕಾರಿಗೇ ಹೋಗಿ ಕೂತಿವೆಯಂತೆ.

ಕುಂದಾಪ್ರ ಎಕ್ಸ್‌ಪ್ರೆಸ್
ಕೋಳಿಗೂ ಒಂದ್ ಬೆಲ್ಟ್ ಬರೀನಿ ಪಟ್ಟಿಯಂಗೆ.